ಬರೆಯದೆ ಬಿಟ್ಟ ಕಷಾಯ

ಬೇರೆಯವರು ಮೂತ್ರ ಮಾಡುವುದನ್ನು ಕಣ್ಣು ಬಿಟ್ಟು ನೋಡುವುದು ನನ್ನ ಕೆಲಸವಾಗಿತ್ತು. ಇದನ್ನೇ ಮರ್ಯಾದೆಯಾಗಿ ಹೇಳಲು ಒಂದು ಇಂಗ್ಲಿಷ್ ಪದನಾಮ ಇತ್ತು, ಅದನ್ನು ಅಚ್ಚು ಹಾಕಿಸಿದ ಗುರುತಿನ ಚೀಟಿ ನನ್ನ ಕೊರಳಲ್ಲಿ ತೂಗುತ್ತಿತ್ತು. ಆದರೆ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ನಡೆಯುತ್ತಿದ್ದದ್ದು ಇಷ್ಟೇ. ಒಬ್ಬ ಹುಡುಗಿ ನಾಚಿಕೆಯಿಂದ ಸಾಯುತ್ತಿದ್ದಳು, ನಾನು ಎರಡಡಿ ದೂರದಲ್ಲಿ ನಿಂತು ಮುಖ ತಿರುಗಿಸದೆ ನೋಡುತ್ತಿದ್ದೆ. ಮುಖ ತಿರುಗಿಸಿದರೆ ಪರೀಕ್ಷೆ ಅಸಿಂಧು.

ಎರಡು ಸಾವಿರದ ದಶಕದ ಕೊನೆಯ ಮಾತು. ಕ್ರೀಡಾಪಟುಗಳು ಉದ್ದೀಪನ ಮದ್ದು ತಿನ್ನುತ್ತಾರೆಯೇ ಎಂದು ಪರೀಕ್ಷೆ ಮಾಡುವ ರಾಷ್ಟ್ರೀಯ ಸಂಸ್ಥೆ ಆಗಷ್ಟೇ ಕೆಲಸ ಶುರು ಮಾಡಿತ್ತು. ಹೆಂಗಸರ ಪರೀಕ್ಷೆಗೆ ಹೆಂಗಸೇ ಬೇಕು. ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮನೆ ಪರ್ಕಳದಲ್ಲಿ. ಯಾರೋ ನನ್ನ ಹೆಸರು ಕೊಟ್ಟರು, ದೆಹಲಿಗೆ ಕರೆಸಿ ಮೂರು ದಿನ ಕಲಿಸಿದರು, ಊರಿಗೆ ಬಂದು ನೋಡಿದರೆ ಇಡೀ ಕರಾವಳಿಗೆ ನಾನೊಬ್ಬಳೇ. ಬೇಡ ಎನ್ನುವ ಹಾಗಿಲ್ಲ. ಫೋನ್ ಬಂದರೆ ಶಾಲೆಗೆ ರಜೆ ಹಾಕಿ ಹೊರಡಬೇಕು, ಎಲ್ಲಿಗೆ ಎಂದು ಗಂಡನಿಗೂ ಹೇಳಬಾರದು. ನನ್ನ ಗಂಡ ಮೊದಲು ತಮಾಷೆ ಮಾಡುತ್ತಿದ್ದರು, ಆಮೇಲೆ ಕೇಳುವುದನ್ನೇ ಬಿಟ್ಟರು.

ಗುಟ್ಟು ಕಾಯುವ ಕೆಲಸವನ್ನು ಈ ಊರಿನಲ್ಲಿ ಮಾಡುವುದೆಂದರೆ ಏನೆಂದು ದೆಹಲಿಯವರಿಗೆ ಗೊತ್ತಿರಲಿಲ್ಲ. ಮುನ್ಸೂಚನೆ ಕೊಡದೆ ಮನೆಗೆ ಹೋಗಿ ಎಂದು ಅವರು ಹೇಳುತ್ತಾರೆ. ಇಲ್ಲಿ ರಿಕ್ಷಾ ಸ್ಟ್ಯಾಂಡಿನಲ್ಲಿ ಒಂದು ಮನೆಯ ದಾರಿ ಕೇಳಿದರೆ ಸಾಕು, ನೆಂಟರು ಬರುತ್ತಿದ್ದಾರೆಂದು ನಾವು ತಲುಪುವ ಮೊದಲೇ ಅಲ್ಲಿ ಚಹಾ ಇಟ್ಟಿರುತ್ತಾರೆ. ಮಾದರಿ ಒಯ್ಯುವ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ನಾನು ಬಸ್ಸು ಹತ್ತಿದರೆ ಕಂಡಕ್ಟರ್ ನಗುತ್ತ ಯಾವ ಮೀನು ಎಂದು ಕೇಳುತ್ತಿದ್ದ. ಬಂಗುಡೆ ಎನ್ನುತ್ತಿದ್ದೆ. ಸುಳ್ಳು ಹೇಳುವ ಅಭ್ಯಾಸ ಹಾಗೆ ಸಣ್ಣದರಿಂದಲೇ ಆಯಿತು.

ನಿಯಮಗಳು ಮಾತ್ರ ಗಟ್ಟಿ. ಪರೀಕ್ಷೆ ಇದೆ ಎಂದು ಹೇಳಿದ ಕ್ಷಣದಿಂದ ಹುಡುಗಿ ನನ್ನ ಕಣ್ಣಿನಿಂದ ಮರೆಯಾಗಬಾರದು. ಬಿರಡೆ ಒಡೆಯದ ಬಾಟಲಿಯ ನೀರನ್ನೇ ಕುಡಿಯಬೇಕು. ಮಾದರಿಯನ್ನು ಎರಡು ಗಾಜಿನ ಬಾಟಲಿಗಳಿಗೆ ಅವಳೇ ಹಂಚಿ ಸುರಿಯಬೇಕು, ಮುಚ್ಚಳವನ್ನು ಅವಳೇ ಕಟಕಟ ಸದ್ದು ನಿಲ್ಲುವ ತನಕ ತಿರುಗಿಸಬೇಕು. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ಕೊನೆಗೆ ಒಂದು ನಮೂನೆ. ಕಳೆದ ಏಳು ದಿನಗಳಲ್ಲಿ ಏನೇನು ಮದ್ದು, ಪುಡಿ, ಗುಳಿಗೆ ತೆಗೆದುಕೊಂಡಿದ್ದೀಯ ಎಂದು ಕೇಳಿ, ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ಇದನ್ನು ಬರೆ, ಇದು ಬೇಡ ಎಂದು ನಾವು ಹೇಳಲೇಬಾರದು. ತರಬೇತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ನನಗೆ ಬೇಸರ ಬಂದಿತ್ತು.

ಆ ಸಲ ಮಣಿಪಾಲದ ಒಂದು ಸಭಾಂಗಣದಲ್ಲಿ ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಇತ್ತು. ಹಿಂದಿನ ದಿನ ಆಷಾಢದ ಅಮಾವಾಸ್ಯೆ, ನಮ್ಮ ತುಳುನಾಡಿನ ಆಟಿ ಅಮಾವಾಸ್ಯೆ. ಹೊರಗೆ ಮಳೆ ಹಿಡಿದಿತ್ತು. ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಮುಖ್ಯಸ್ಥರು, ನಾನು ಅವರ ಕೈಕೆಳಗೆ. ಚಿನ್ನ ಗೆದ್ದ ಹುಡುಗಿಗೆ ನಾನೇ ಹೋಗಿ ಚೀಟಿ ಕೊಟ್ಟೆ. ಇಪ್ಪತ್ತೆರಡು ವರ್ಷ, ಕಾರ್ಕಳದ ಕಡೆಯ ಹಳ್ಳಿಯವಳು. ಅವಳ ಜೊತೆ ಅವಳ ತಾಯಿಯ ಅಣ್ಣ ಬಂದಿದ್ದರು. ತಂದೆಯಿಲ್ಲದ ಅವಳನ್ನು ಸಾಕಿದವರು ಅವರೇ. ಎರಡು ತುಪ್ಪದ ಡಬ್ಬಿಗಳಿಗೆ ಸಿಮೆಂಟು ತುಂಬಿಸಿ, ನಡುವೆ ಕಬ್ಬಿಣದ ಪೈಪು ಸಿಕ್ಕಿಸಿ ಅವಳಿಗೆ ಮೊದಲ ಭಾರ ಮಾಡಿಕೊಟ್ಟವರೂ ಅವರೇ ಎಂದು ಹುಡುಗಿ ಹೇಳಿದಳು. ಅವರು ಕೊಡೆ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂತರು. ನಾವಿಬ್ಬರು ಒಳಗಿನ ಕೋಣೆ ಸೇರಿದೆವು.

ಮೂರು ಗಂಟೆ ಆಯಿತು, ಅವಳಿಗೆ ಮೂತ್ರ ಬರಲಿಲ್ಲ. ಕಿಟಕಿಯಿಲ್ಲದ ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಅವಳು ನೀರು ಕುಡಿಯುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಅವಳ ದವಡೆ ಬಿಗಿದುಕೊಂಡಿತ್ತು. ಆಚೆ ಕಬ್ಬಿಣದ ಪ್ಲೇಟು ನೆಲಕ್ಕೆ ಬಿದ್ದಾಗಲೆಲ್ಲ ಮೈಯಿಡೀ ಬೆಚ್ಚಿ ಬೀಳುತ್ತಿದ್ದಳು. ಹತ್ತು ವರ್ಷ ಆ ಸದ್ದಿನ ನಡುವೆಯೇ ಬೆಳೆದವಳು ಹೀಗೆ ಬೆಚ್ಚುವುದೇಕೆ ಎಂದು ನನಗೆ ಅನ್ನಿಸಿತು. ಪರೀಕ್ಷೆಯ ಹೆದರಿಕೆ ಎಂದುಕೊಂಡು ಸುಮ್ಮನಾದೆ. ಹಿರಿಯ ಅಧಿಕಾರಿ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ಬಡಿದು ಬನ್ನಂಜೆಯ ಕೊರಿಯರ್ ಆಫೀಸು ಐದೂವರೆಗೆ ಮುಚ್ಚುತ್ತದೆ ಎಂದು ನೆನಪಿಸುತ್ತಿದ್ದರು. ಮರುದಿನ ಭಾನುವಾರ. ಮಾದರಿ ಒಂದು ದಿನ ಹೆಚ್ಚು ಇಲ್ಲಿ ಉಳಿದರೆ ಅದಕ್ಕೆ ಉತ್ತರ ಕೊಡಬೇಕಾದವಳು ನಾನು.

ಐದಕ್ಕೆ ಹತ್ತು ನಿಮಿಷ ಇರುವಾಗ ಮಾದರಿ ಸಿಕ್ಕಿತು. ಬಾಟಲಿಗಳ ಮುಚ್ಚಳ ಬಿಗಿಯಾಯಿತು. ನಾನು ನಮೂನೆ ಎಳೆದುಕೊಂಡು ಏಳು ದಿನದ ಪ್ರಶ್ನೆ ಕೇಳಿದೆ. ಏನಿಲ್ಲ ಎಂದವಳು ಮತ್ತೆ ತುಳುವಿನಲ್ಲೇ ಕೇಳಿದಳು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನೆ ಆಟಿಯ ಕಷಾಯ ಕುಡಿದಿದ್ದೇನೆ ಮೇಡಂ. ಅದನ್ನೂ ಬರೆಯಬೇಕಾ?"

ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯದ ಮನೆ ಕಡಿಮೆ. ಸೂರ್ಯ ಹುಟ್ಟುವ ಮೊದಲು ಮನೆಯ ಗಂಡಸು ಹೋಗಿ ತೊಗಟೆ ತರಬೇಕು, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ರಸ ಹಿಂಡಿ, ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಹಾಕಿ ಒಗ್ಗರಿಸುತ್ತಾರೆ. ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲವಂತೆ. ಕಹಿ ಎಂದರೆ ಕಹಿ, ಕುಡಿದ ಮೇಲೆ ಮೆಂತೆಯ ಗಂಜಿ ಉಣ್ಣುವ ತನಕ ಬಾಯಿ ನಮ್ಮದಲ್ಲ. ಹಿಂದಿನ ದಿನ ನಾನೂ ಕುಡಿದಿದ್ದೆ.

ನಾನು ಅದನ್ನು ಬರೆಯಬೇಕಿತ್ತು, ಅಷ್ಟೇ. ಆದರೆ ಅದಕ್ಕೂ ಮೊದಲು ಒಮ್ಮೆ ಒಬ್ಬ ಓಟಗಾರ್ತಿ ಹೇಳಿದಳೆಂದು ನಾನು ಒಂದು ನಾಟಿ ಮದ್ದಿನ ಹೆಸರು ಬರೆದಿದ್ದೆ. ಇದೇ ಹಿರಿಯರು ಅದನ್ನು ಎಲ್ಲರೆದುರು ಓದಿ, ಇದರ ಸ್ಪೆಲ್ಲಿಂಗ್ ನಿಮ್ಮ ಅಜ್ಜಿ ಹೇಳಿಕೊಟ್ಟದ್ದಾ ಎಂದು ಕೇಳಿ ನಗಿಸಿದ್ದರು. ನನಗೆ ಕೋಪ ಬೇಗ, ನಾಚಿಕೆ ಅದಕ್ಕಿಂತ ಬೇಗ. ಗಡಿಯಾರ ನೋಡಿದೆ.

"ಅದು ಮದ್ದಲ್ಲ ಮಾರಾಯ್ತಿ, ನಾನೂ ಕುಡಿದಿದ್ದೇನೆ. ಬಿಡು," ಎಂದೆ.

ಏನೂ ಇಲ್ಲ ಎಂದು ಬರೆದೆ. ಅವಳು ಕೆಳಗೆ ಸಹಿ ಹಾಕಿದಳು. ಐದೂ ಇಪ್ಪತ್ತಕ್ಕೆ ಪೆಟ್ಟಿಗೆ ಬನ್ನಂಜೆ ತಲುಪಿತು, ಹಿರಿಯರು ಶಹಬ್ಬಾಸ್ ಎಂದರು.

ಸುಮಾರು ಎರಡು ತಿಂಗಳ ನಂತರ ಶಾಲೆಯ ವಿಳಾಸಕ್ಕೆ ಸಂಸ್ಥೆಯಿಂದ ರಿಜಿಸ್ಟರ್ಡ್ ಲಕೋಟೆ ಬಂತು. ನನ್ನ ಕೈಯಿಂದ ಹೋದ ಆ ಸಂಖ್ಯೆಯ ಮಾದರಿಯಲ್ಲಿ ಸ್ಟ್ರಿಕ್ನಿನ್ ಎಂಬ ನಿಷೇಧಿತ ವಸ್ತು ಸಿಕ್ಕಿದೆ. ನಮೂನೆಯಲ್ಲಿ ಬರೆಯದ ಯಾವುದಾದರೂ ವಸ್ತುವಿನ ಬಗ್ಗೆ ಕ್ರೀಡಾಪಟು ಆ ದಿನ ಬಾಯಿಮಾತಿನಲ್ಲಿ ಹೇಳಿದ್ದಳೇ ಎಂದು ಹತ್ತು ದಿನಗಳೊಳಗೆ ಬರೆದು ತಿಳಿಸಬೇಕು. ವಿಷಯವನ್ನು ಯಾರ ಹತ್ತಿರವೂ ಆಡಬಾರದು, ಆ ಹುಡುಗಿಯನ್ನು ಕಾಣಬಾರದು.

ಸ್ಟ್ರಿಕ್ನಿನ್ ಎಂದರೆ ಏನೆಂದು ಮಣಿಪಾಲದ ಒಂದು ಲೈಬ್ರರಿಯಲ್ಲಿ ಹುಡುಕಿದೆ. ಕಾಸರಕದ ಮರದಲ್ಲಿರುವ ವಿಷ. ತೊಗಟೆಯಲ್ಲೂ ಇದೆ. ಹೆಚ್ಚಾದರೆ ಜೀವ ಹೋಗುತ್ತದೆ, ಸ್ವಲ್ಪವಾದರೆ ದವಡೆ ಬಿಗಿಯುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಪುಸ್ತಕ ಮುಚ್ಚಿದೆ. ಪಾಲೆಯೂ ಕಾಸರಕವೂ ನಮ್ಮ ಕಾಡು ಹಾಡಿಗಳಲ್ಲಿ ಅಕ್ಕಪಕ್ಕ ಬೆಳೆಯುತ್ತವೆ. ಆಟಿಯ ಕತ್ತಲೆಯಲ್ಲಿ ಮರ ತಪ್ಪಿದವರ ಕಥೆಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದಕ್ಕೆಂದೇ ಹಿಂದಿನ ದಿನ ಬೆಳಕಿನಲ್ಲಿ ಹೋಗಿ ಮರಕ್ಕೆ ನೂಲು ಕಟ್ಟಿ ಬರುತ್ತಾರೆ.

ಆ ಹತ್ತು ದಿನ ಲಕೋಟೆ ನನ್ನ ಚೀಲದಲ್ಲೇ ಇತ್ತು. ಹೇಳಿದ್ದಳು ಎಂದು ಬರೆದರೆ, ಹೇಳಿದ್ದನ್ನು ಬರೆಯಬೇಡ ಎಂದವಳು ನಾನೆಂದೂ ಬರೆಯಬೇಕು. ಸಂಸ್ಥೆ ನನ್ನನ್ನು ತೆಗೆಯುತ್ತದೆ, ಶಾಲೆಗೆ ಕಾಗದ ಹೋಗುತ್ತದೆ. ಹೇಳಿರಲಿಲ್ಲ ಎಂದು ಬರೆದರೆ ಅವಳ ಕಥೆ ಮುಗಿಯಿತು. ಆ ವಸ್ತು ಮೈಗೆ ಹೇಗೆ ಸೇರಿತೆಂದು ಆಧಾರದೊಂದಿಗೆ ತೋರಿಸಿದರೆ ಬರೇ ಎಚ್ಚರಿಕೆ ಕೊಟ್ಟು ಬಿಡುವ ದಾರಿ ನಿಯಮದಲ್ಲಿತ್ತು. ತೋರಿಸದಿದ್ದರೆ ಎರಡು ವರ್ಷ ನಿಷೇಧ. ಕ್ರೀಡಾ ಕೋಟಾದಲ್ಲಿ ಅವಳಿಗೆ ಬರಬೇಕಿದ್ದ ರೈಲ್ವೆಯ ಕೆಲಸವೂ ಹೋಗುತ್ತದೆ. ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಪರ್ಕಳಕ್ಕೆ ದಿನಾ ಎರಡು ಬಸ್ಸು ಬದಲಿಸುತ್ತ ಒಂದೇ ಲೆಕ್ಕ ಹಾಕುತ್ತಿದ್ದೆ. ಗಂಡ ಏನಾಯಿತು ಎಂದು ಕೇಳಿದರು. ಹೇಳುವ ಹಾಗಿರಲಿಲ್ಲ, ಹೇಳಿದ್ದರೆ ಸತ್ಯ ಬರೆ ಎನ್ನುತ್ತಿದ್ದರೆಂದೂ ಗೊತ್ತಿತ್ತು. ಒಂದು ದಿನ ಮೈದಾನದಲ್ಲಿ ಏನೂ ತಪ್ಪು ಮಾಡದ ಮಕ್ಕಳಿಗೆ ಸುಮ್ಮನೆ ಬೈದು, ಎರಡು ಸುತ್ತು ಓಡಿಸಿದೆ.

ಏಳನೆಯ ದಿನ ನಿಯಮ ಮುರಿದು ಕಾರ್ಕಳದ ಬಸ್ಸು ಹತ್ತಿದೆ. ಮರ ನೋಡದೆ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ಕಾಸರಕ ಇಲ್ಲದಿರಲಿ, ಅವಳು ನಿಜವಾಗಿಯೂ ಮದ್ದು ತಿಂದವಳೇ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮಾಮ ಚಾವಡಿಯಲ್ಲಿದ್ದರು. ಹುಡುಗಿ ಅವರನ್ನು ಹಾಗೆ ಕರೆಯುತ್ತಿದ್ದುದರಿಂದ ನಾನೂ ಮಾಮ ಎಂದೇ ಬರೆಯುತ್ತೇನೆ. ಸ್ಪರ್ಧೆಯ ದಿನದ ಟೀಚರ್ ಎಂದು ದನಿಯಿಂದಲೇ ಗುರುತಿಸಿ ಬೆಲ್ಲ ನೀರು ತರಿಸಿದರು. ಸೋದರಸೊಸೆಯ ಚಿನ್ನದ ಪದಕ ಗೋಡೆಯಲ್ಲಿತ್ತು. ದೆಹಲಿಯ ಕಾಗದ ಅವಳಿಗೆ ಬಂದು ವಾರವಾಗಿದ್ದರೂ ಅವರಿಗೆ ಅದರ ಸುಳಿವೇ ಇಲ್ಲವೆಂದು ಎರಡು ಮಾತಿನಲ್ಲಿ ತಿಳಿಯಿತು. ನಾನು ಮಾತು ತಿರುಗಿಸಿ ಆಟಿಯ ಕಷಾಯಕ್ಕೆ ತಂದೆ. ಅವರಿಗೆ ಖುಷಿಯಾಯಿತು. ನಲವತ್ತು ವರ್ಷದಿಂದ ತಾನೇ ತೊಗಟೆ ತರುವುದೆಂದರು. ಈ ಸಲ ಯಾಕೋ ಕಷಾಯ ಕುಡಿದ ಮೇಲೆ ಮನೆಯವರೆಲ್ಲರ ಕಾಲು ಬಿಗಿದಿತ್ತು, ಮಳೆಯ ಥಂಡಿ ಇರಬೇಕು ಎಂದರು. ಸ್ಪರ್ಧೆಗೆ ಹೋಗುವವಳು ಎಂದು ಅವಳಿಗೆ ದೊಡ್ಡ ಲೋಟದಲ್ಲಿ ಕೊಟ್ಟದ್ದನ್ನೂ ಅವರೇ ಹೇಳಿದರು.

ಮರ ತೋರಿಸುತ್ತೀರಾ ಎಂದು ಕೇಳಿದೆ. ಮನೆಯ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಹುಡುಗಿ ನಮ್ಮ ಹಿಂದೆ ಬಂದಳು. ಎಲೆಗಳನ್ನು ಚಕ್ರದ ಹಾಗೆ ಹರಡಿಕೊಂಡು ಪಾಲೆ ಅಲ್ಲೇ ನಿಂತಿತ್ತು. ಮಾಮ ಅದನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋಗಿ, ಇನ್ನೊಂದು ಮರಕ್ಕೆ ಕೈಯಿಟ್ಟು ಇದೇ ಎಂದರು. ಸೊಂಟದೆತ್ತರದಲ್ಲಿ ಜಜ್ಜಿದ ಗಾಯ ಒಣಗಿತ್ತು, ಅದರ ಮೇಲೆ ಅವರು ಕಟ್ಟಿದ್ದ ನೂಲು ಬಣ್ಣ ಹೋಗಿ ಇನ್ನೂ ಅಂಟಿಕೊಂಡಿತ್ತು. ಕೊಂಬೆಯಲ್ಲಿ ಕಾಸರಕದ ಕಿತ್ತಳೆ ಬಣ್ಣದ ಕಾಯಿಗಳು. ನಾನು ಮಾಮನ ಮುಖ ನೋಡಿದೆ. ಎರಡೂ ಕಣ್ಣಿನ ಪಾಪೆಯ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಬೆಳಕಿನಲ್ಲಿ ನೂಲು ಕಟ್ಟಿದ್ದರೂ ಅವರಿಗೆ ಬೆಳಕು ಇರಲಿಲ್ಲ.

ಟೀಚರಿಗೆ ಕೊಡಲು ಬಸಳೆ ಕೊಯ್ಯುತ್ತೇನೆಂದು ಅವರು ಕೋಲೂರಿಕೊಂಡು ಕೆಳಗಿಳಿದರು. ಹುಡುಗಿ ಅವರು ಮರೆಯಾಗುವ ತನಕ ಕಾದಳು.

"ನನಗೆ ಗೊತ್ತುಂಟು ಮೇಡಂ," ಎಂದಳು. "ಕಾಗದ ಬಂದ ದಿನವೇ ಬಂದು ನೋಡಿದೆ."

ಮತ್ತೆ ಯಾಕೆ ದೆಹಲಿಗೆ ತಿಳಿಸಲಿಲ್ಲ ಎಂದು ಕೇಳಿದೆ.

"ತಿಳಿಸಿದರೆ ಮಾಮನನ್ನು ಸಾಕ್ಷಿಗೆ ಕರೆಯುತ್ತಾರೆ. ನಾನೇ ಅವಳಿಗೆ ವಿಷ ಕೊಟ್ಟದ್ದು ಎಂದು ಅವರ ಬಾಯಿಂದಲೇ ಹೇಳಿಸಬೇಕಾಗುತ್ತದೆ. ಅದು ಗೊತ್ತಾದ ಮೇಲೆ ಅವರು ಬದುಕಿರುವುದಿಲ್ಲ. ಈ ಮರವನ್ನು ಕೊಟ್ಟಿಗೆ ಮೇಲೆ ಬೀಳುತ್ತದೆ ಎಂದು ಹೇಳಿ ಕಡಿಸುತ್ತೇನೆ." ಮತ್ತೆ ಹೇಳಿದಳು, "ಆ ದಿನ ನೀವು ಎಂತದೂ ಕೇಳಲಿಲ್ಲ, ನಾನು ಎಂತದೂ ಹೇಳಲಿಲ್ಲ. ಹಾಗೆಯೇ ಇರಲಿ."

ಆಗ ನನಗೆ ಮೊದಲು ಆದದ್ದು ನೆಮ್ಮದಿ. ಕರುಣೆಯಲ್ಲ, ದುಃಖವಲ್ಲ, ನೆಮ್ಮದಿ. ಪಾಲೆ ಮರದ ಬುಡದಲ್ಲಿ ಕೂತುಬಿಟ್ಟೆ. ನಾನು ಸತ್ಯ ಬರೆಯುತ್ತೇನೆ ಎಂದು ಅವಳಿಗೆ ಹೇಳಬೇಕಿತ್ತು. ಮಾಮನಿಗೆ ಹೇಳುವುದು ಹೇಗೆಂದು ಇಬ್ಬರೂ ಕೂತು ಯೋಚಿಸಬಹುದಿತ್ತು, ಅವಳ ತಾಯಿಯ ಮೂಲಕ ಮೆಲ್ಲಗೆ ಹೇಳಿಸಬಹುದಿತ್ತು. ಇದೆಲ್ಲ ನನಗೆ ಆಗಲೇ ಹೊಳೆದಿತ್ತು. ಆದರೂ ನಿನ್ನ ಇಷ್ಟ ಎಂದೆ. ಬಸಳೆಯ ಕಟ್ಟು ಹಿಡಿದುಕೊಂಡು ಬಸ್ಸು ಹತ್ತಿದೆ.

ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಕೂತು ಬರೆದೆ. ಮೊದಲು ಬರೆದದ್ದರಲ್ಲಿ ಎಲ್ಲವೂ ಇತ್ತು. ಅದನ್ನು ಹರಿದು, ನೆನಪಿಲ್ಲ ಎಂದು ಬರೆದೆ. ಅದೂ ಹೇಡಿತನ ಅನ್ನಿಸಿ ಹರಿದೆ. ಮೂರನೆಯದರಲ್ಲಿ ಒಂದೇ ಸಾಲು, ಕ್ರೀಡಾಪಟು ಯಾವುದೇ ವಸ್ತುವಿನ ಬಗ್ಗೆ ಹೇಳಿರಲಿಲ್ಲ. ಕಾಪುವಿನ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಿ ರಶೀದಿ ತೆಗೆದುಕೊಂಡೆ. ಅವಳು ಕೇಳಿಕೊಂಡದ್ದಕ್ಕೆ ಹೀಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳು ಕೇಳಿಕೊಳ್ಳದಿದ್ದರೂ ನಾನು ಅದೇ ಸಾಲನ್ನು ಬರೆಯುತ್ತಿದ್ದೆ. ಅವಳು ನನ್ನ ಕೆಲಸ ಸುಲಭ ಮಾಡಿದಳು, ಅಷ್ಟೇ.

ಅವಳು ಮರುಪರೀಕ್ಷೆಗೆಂದು ಇಟ್ಟಿದ್ದ ಎರಡನೆಯ ಬಾಟಲಿಯ ಪರೀಕ್ಷೆ ಕೇಳಲಿಲ್ಲ, ವಿಚಾರಣೆಗೂ ಹೋಗಲಿಲ್ಲ. ಎರಡು ವರ್ಷ ನಿಷೇಧ ಎಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅವಳ ಹೆಸರು, ಊರು, ಮದ್ದಿನ ಹೆಸರು ಬಂತು. ಶಾಲೆಯಲ್ಲಿ ಸಹೋದ್ಯೋಗಿಗಳು ಓದಿ, ಈಗಿನ ಮಕ್ಕಳಿಗೆ ಎಲ್ಲ ಅಡ್ಡದಾರಿಯೇ ಬೇಕು ಎಂದು ಮಾತಾಡಿಕೊಂಡರು. ನಾನು ಬೆಲ್ ಆಯಿತೆಂದು ಎದ್ದೆ. ಬೆಲ್ ಆಗಿರಲಿಲ್ಲ. ಸಂಸ್ಥೆಯ ಫೋನು ಮಾತ್ರ ಬರುತ್ತಲೇ ಇತ್ತು, ನಾನು ಹೋಗುತ್ತಲೇ ಇದ್ದೆ. ಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆಂಬ ಹೆದರಿಕೆ. ನಮೂನೆಯಲ್ಲಿ ಈಗ ಶುಂಠಿ ಪೆಪ್ಪರಮಿಂಟನ್ನೂ ಬಿಡದೆ ಬರೆಯುತ್ತಿದ್ದೆ. ಹಿರಿಯರು ನನ್ನ ಶಿಸ್ತನ್ನು ಹೊಸಬರಿಗೆ ಮಾದರಿಯಾಗಿ ತೋರಿಸಿದರು.

ಮುಂದಿನ ವರ್ಷ ಅತ್ತೆಯ ಕಣ್ಣು ತೋರಿಸಲೆಂದು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದೆ. ಅವರನ್ನು ಒಳಗೆ ಕಳುಹಿಸಿ ಬೆಂಚಿನಲ್ಲಿ ಕೂತರೆ ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಮಾಮ. ಪೊರೆ ತೆಗೆಸಿ ಎರಡು ವಾರವಾಗಿತ್ತು. ಎದ್ದು ಹೋಗಬೇಕೆಂದುಕೊಂಡೆ, ಅಷ್ಟರಲ್ಲಿ ಅವರು ನನ್ನತ್ತ ತಿರುಗಿ ಟೀಚರ್ ಅಲ್ವಾ ಎಂದರು. ಈ ಸಲ ದನಿ ಕೇಳಿಯಲ್ಲ, ನೋಡಿಯೇ ಗುರುತಿಸಿದ್ದರು.

ಸೊಸೆ ಮದ್ದು ತರಲು ಹೋಗಿದ್ದಾಳೆ ಎಂದರು. ಆಮೇಲೆ ದನಿ ತಗ್ಗಿಸಿ ಮನೆಯ ವಿಷಯ ಹೇಳಿದರು. ಪತ್ರಿಕೆಯಲ್ಲಿ ಬಂದದ್ದನ್ನು ಯಾರೋ ಓದಿ ಹೇಳಿದ ದಿನದಿಂದ ಅವಳ ಹತ್ತಿರ ಮಾತು ಬಿಟ್ಟಿದ್ದರು. ಗೋಡೆಯ ಪದಕವನ್ನು ತಾವೇ ಇಳಿಸಿ ಪೆಟ್ಟಿಗೆಗೆ ಹಾಕಿದ್ದರು. ಅವಳು ಬಡಿಸುತ್ತಾಳೆ, ಇವರು ಉಣ್ಣುತ್ತಾರೆ. ಯಾಕೆ ಹೀಗೆ ಮಾಡಿದೆ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿದ್ದಳಂತೆ. ಅಲ್ಲಿಗೆ ಅವರಿಗೆ ಎಲ್ಲ ಖಾತ್ರಿಯಾಗಿತ್ತು.

"ನಮ್ಮ ಮನೆಯಿಂದ ಅವಳಿಗೆ ಒಳ್ಳೆಯದನ್ನೇ ಕೊಟ್ಟದ್ದು ಟೀಚರ್," ಎಂದರು. "ನೀವು ಅದೇ ಲೈನಿನಲ್ಲಿ ಇರುವವರು. ಅವಳಿಗೆ ಆ ವಿಷ ಯಾರು ಕೊಟ್ಟದ್ದೆಂದು ನಿಮಗೆ ಗೊತ್ತುಂಟಾ?"

ಹುಡುಗಿ ಮದ್ದಿನ ಚೀಲ ಹಿಡಿದು ಅವರ ಬೆನ್ನ ಹಿಂದೆ ಬಂದು ನಿಂತಿದ್ದಳು. ಪ್ರಶ್ನೆ ಅವಳಿಗೂ ಕೇಳಿಸಿತ್ತು. ನನ್ನನ್ನೇ ನೋಡುತ್ತಿದ್ದಳು. ಹೇಳಬೇಡಿ ಎನ್ನುತ್ತಿದ್ದಳೋ, ಈಗಲಾದರೂ ಹೇಳಿ ಎನ್ನುತ್ತಿದ್ದಳೋ, ಇಂದಿಗೂ ನನಗೆ ತಿಳಿದಿಲ್ಲ.

ಗೊತ್ತಿಲ್ಲ ಎಂದೆ.

ಅವಳು ಮುಂದೆ ಬಂದು, ಚೀಲದಿಂದ ಸಣ್ಣ ಶೀಶೆ ತೆಗೆದು, ಅವರ ಕನ್ನಡಕವನ್ನು ಮೆಲ್ಲಗೆ ಕಳಚಿದಳು. ಮಾಮ ತಲೆ ಹಿಂದಕ್ಕೆ ವಾಲಿಸಿ ಕಣ್ಣು ಅಗಲಿಸಿಕೊಟ್ಟರು. ಅವಳು ಒಂದೊಂದೇ ಹನಿ ಬಿಟ್ಟಳು. ಉರಿಯುತ್ತದಾ ಎಂದು ಕೇಳಿದಳು. ಅವರು ಕಣ್ಣು ಮುಚ್ಚಿ, ಕನ್ನಡಕಕ್ಕಾಗಿ ಕೈ ಚಾಚಿದರು.